ದುಡ್ಡು ಕೊಟ್ಟು ಗೊಬ್ಬರ ಹೊತ್ತ ಮೇಷ್ಟ್ರಿಗೆ

ಮೇಷ್ಟ್ರೇ,

ನಿಮ್ಮ ನಾಲ್ಕು ಪುಟದ ಕಾಗದ ಓದಿ ಖುಷಿಪಟ್ಟೆ ಎಂದರೆ ನಿಮಗೆ ಇನ್ನಷ್ಟು ಸಿಟ್ಟು ಬರಬಹುದು. ಈಗಿನವರು ಸಿಟ್ಟನ್ನೂ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನೀವು ಪೀಠಿಕೆ ಹಾಕಿ, ಪುರಾವೆ ಒದಗಿಸಿ, ಬೇಕಾದಲ್ಲಿ ಅಡಿಗೆರೆ ಎಳೆದು ಬೈದಿದ್ದೀರಿ. ಪಾಠ ಹೇಳಿ ಪಳಗಿದ ಕೈ ಎಂದು ಮೊದಲ ಪುಟಕ್ಕೇ ಗೊತ್ತಾಯಿತು.

ಮಿಕ್ಕ ಓದುಗರಿಗೂ ಸಂಗತಿ ತಿಳಿಯಬೇಕಲ್ಲ. ಹೆಸರು ಹಾಕಬೇಡಿ ಎಂದಿರುವ ಈ ನಿವೃತ್ತ ಮೇಷ್ಟ್ರು, ಹಳ್ಳಿಗಾಡಿನಲ್ಲಿ ಕೂಡಿ ಬಾಳುವ ಒಂದು ಸಮುದಾಯದವರು ಋತುವಿಗೊಂದರಂತೆ ನಡೆಸುವ ಶಿಬಿರಕ್ಕೆ ಹೋಗಿದ್ದರು. ಮೌನ, ಧ್ಯಾನ, ಜೊತೆಗೆ ಸಾವಯವ ಕೈತೋಟದ ಕಾರ್ಯಾಗಾರ ಎಂದು ಕರಪತ್ರದಲ್ಲಿತ್ತಂತೆ. ಹೋಗಿ ನೋಡಿದರೆ ಮೂರು ದಿನವೂ ಧ್ಯಾನ ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಗೊಬ್ಬರದ ಗುಡ್ಡೆ ತಿರುವುವುದು, ಕಳೆ ಕೀಳುವುದು, ಉಂಡ ಪಾತ್ರೆ ತೊಳೆಯುವುದು. ಅಲ್ಲಿಯವರು ಕೆಲಸ ತೋರಿಸಿ ತಮ್ಮ ಪಾಡಿಗೆ ಹೋಗಿಬಿಡುತ್ತಿದ್ದರು. ಬಿತ್ತಿದ ಬೀಜ ಮೊಳೆಯುವ ಮೊದಲೇ ಶಿಬಿರ ಮುಗಿಯಿತು. ಹೊರಡುವಾಗ ಮುಂದಿನ ಋತುವಿನ ಕರಪತ್ರ ಕೈಗಿಟ್ಟು ಮತ್ತೆ ಬನ್ನಿ ಎಂದರು. ‘ನಮ್ಮ ದುಡ್ಡನ್ನೂ ತಗೊಂಡು ನಮ್ಮ ಕೈಯಲ್ಲೇ ಕೂಲಿ ಮಾಡಿಸಿಕೊಳ್ಳುವ ಈ ಜಾಣತನಕ್ಕೆ ನಿಮ್ಮ ಪತ್ರಿಕೆ ಯಾಕೆ ಪ್ರಚಾರ ಕೊಡುತ್ತದೆ?’ ಎನ್ನುವುದು ಮೇಷ್ಟ್ರ ಪ್ರಶ್ನೆ.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲವೆನ್ನಲಾರೆ. ದಿನಚರಿ ಹೀಗಿರುತ್ತದೆ, ಇಷ್ಟು ಹೊತ್ತು ಮೈ ಬಗ್ಗಿಸಬೇಕು, ಮಂಡಿನೋವಿನವರಿಗೆ ಕೂತು ಮಾಡುವ ಕೆಲಸ ಇದೆ ಎಂದು ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಬೇಕಿತ್ತು. ಹಾಸಿಗೆ ತೇವವಾಗಿತ್ತು ಎಂದಿದ್ದೀರಿ. ಅದನ್ನು ಯಾವ ತತ್ವಜ್ಞಾನವೂ ಸಮರ್ಥಿಸಲಾರದು. ಕರಪತ್ರದ ತುಂಬ ಸೂರ್ಯೋದಯ ಅಚ್ಚುಹಾಕಿ ಸಲಿಕೆಯನ್ನು ಮಾತ್ರ ಮರೆಮಾಡುವುದು ಸಣ್ಣ ಮೋಸವೇ. ನಿಮ್ಮ ಪರವಾಗಿ ಇಷ್ಟು. ಇನ್ನು ನನ್ನ ವಾದ ಕೇಳಿ.

ಮೊದಲು ನಿಮಗೊಬ್ಬ ದೊಡ್ಡ ಜೊತೆಗಾರನನ್ನು ಒದಗಿಸುತ್ತೇನೆ. 1841ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರ ಜಾರ್ಜ್ ರಿಪ್ಲಿ ಎಂಬ ಮಾಜಿ ಪಾದ್ರಿ ‘ಬ್ರೂಕ್ ಫಾರ್ಮ್’ ಕಟ್ಟಿದ. ಓದಿದವರು ಹೊಲಕ್ಕಿಳಿಯಬೇಕು, ಹೊಲದವರಿಗೆ ಓದಲು ಬಿಡುವು ಸಿಗಬೇಕು ಎಂಬುದು ಅವನ ಆಸೆ. ಅಷ್ಟೇನೂ ಹೆಸರು ಮಾಡಿರದ ಲೇಖಕ ನಥಾನಿಯಲ್ ಹಾಥಾರ್ನ್ ತಲಾ 500 ಡಾಲರಿನ ಎರಡು ಷೇರು ಕೊಂಡು ಸೇರಿದ. ಅವನ ಪಾಲಿಗೆ ಬಂದದ್ದು ಗೊಬ್ಬರ ತೋಡಿ ತುಂಬುವ ಕೆಲಸ. ಅಲ್ಲಿ ಆ ಗುಡ್ಡೆಗೆ ‘ಚಿನ್ನದ ಗಣಿ’ ಎಂದು ಹೆಸರು. ಮೊದಮೊದಲು ಉತ್ಸಾಹವೋ ಉತ್ಸಾಹ. ಜೂನ್ ಹೊತ್ತಿಗೆ, ತಾನು ಮದುವೆಯಾಗಲಿದ್ದ ಸೋಫಿಯಾಗೆ, ಮನುಷ್ಯನ ಆತ್ಮ ಹಣದ ರಾಶಿಯ ಕೆಳಗೆ ಹೂತುಹೋಗುವಂತೆಯೇ ಗೊಬ್ಬರದ ರಾಶಿಯ ಕೆಳಗೂ ಹೂತುಹೋಗಬಹುದು ಎಂದು ಬರೆದ. ವರ್ಷ ತುಂಬುವ ಮುಂಚೆ ಗಂಟುಮೂಟೆ ಕಟ್ಟಿದ. 1845ರಲ್ಲಿ ಹಣ ವಾಪಸ್ ಕೊಡಿ ಎಂದು ಕೋರ್ಟು ಹತ್ತಿದ. ನೀವು ಇನ್ನೂ ಅಷ್ಟು ದೂರ ಹೋಗಿಲ್ಲ ಎಂಬುದೇ ಸಮಾಧಾನ.

ಆದರೆ ನಿಮಗೂ ಅವನಿಗೂ ಒಂದು ವ್ಯತ್ಯಾಸವಿದೆ. ಅವನಿಗೆ ಬೇಕಿದ್ದದ್ದು ಬರೆಯಲು ಬಿಡುವು. ಅದು ಸಿಗಲಿಲ್ಲ, ಸಿಟ್ಟು ಬಂತು, ಸರಿ. ನೀವು ಹೋದದ್ದು ಸಾವಯವ ತೋಟ ಕಲಿಯಲು. ಆ ವಿದ್ಯೆಗೆ ಗೊಬ್ಬರದ ಗುಡ್ಡೆಗಿಂತ ಬೇರೆ ಶಾಲೆ ಎಲ್ಲಿದೆ ಹೇಳಿ? ಬಣ್ಣಬಣ್ಣದ ಚಾರ್ಟು ತೂಗುಹಾಕಿ, ಕಡ್ಡಿ ಹಿಡಿದು ತೋರಿಸಿ, ಕೊನೆಯಲ್ಲಿ ಸರ್ಟಿಫಿಕೇಟು ಹಂಚಿದ್ದರೆ ನಿಮಗೆ ತೃಪ್ತಿಯಾಗುತ್ತಿತ್ತೇನೋ. ಮನೆಗೆ ಬಂದು ಏನು ಮಾಡುತ್ತಿದ್ದಿರಿ?

ಇಂಥದೇ ಒಂದು ತಾಣದಲ್ಲಿ ಗುಡ್ಡೆಯ ಉಸ್ತುವಾರಿ ಹೊತ್ತಿದ್ದ ವಯಸ್ಸಾದ ಹೆಂಗಸೊಬ್ಬರನ್ನು ನಾನು ಬಲ್ಲೆ. ಅವರು ಪಾಠ ಹೇಳುತ್ತಿರಲಿಲ್ಲ. ಎದೆಯೆತ್ತರದ ಗುಡ್ಡೆಯ ನಡುವಿಗೆ ಕಬ್ಬಿಣದ ಸರಳೊಂದನ್ನು ಚುಚ್ಚಿ, ಒಂದಿಷ್ಟು ಹೊತ್ತು ಹಾಗೇ ಬಿಟ್ಟು, ಸರಕ್ಕನೆ ಎಳೆದು ಶಿಬಿರಕ್ಕೆ ಬಂದವರ ಕೈಗೆ ಕೊಡುತ್ತಿದ್ದರು. ಹಿಡಿದವರು ಹಾ ಎಂದು ಕೈಬಿಟ್ಟರೆ ಅವರಿಗೆ ಸಮಾಧಾನ, ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. ಸರಳು ಉಗುರುಬೆಚ್ಚಗೆ ಬಂದರೆ ಸಲಿಕೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಒದ್ದೆಯಾಗಿ, ಕೊಳೆತ ಮೊಟ್ಟೆಯ ವಾಸನೆ ಹೊತ್ತು ಬಂತೋ, ಆವತ್ತು ಎಲ್ಲರ ಮೌನಧ್ಯಾನವೂ ಗುಡ್ಡೆಯ ಸುತ್ತಲೇ. ಗುಡ್ಡೆ ಒಂದು ಘನ ಮೀಟರಾದರೂ ಇರದಿದ್ದರೆ ಶಾಖ ನಿಲ್ಲದು, ಇಂಗಾಲ ಮತ್ತು ಸಾರಜನಕದ ಪ್ರಮಾಣ 25-30ಕ್ಕೆ 1ರ ಹತ್ತಿರ ಇರಬೇಕು, 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಕಳೆಬೀಜವೂ ರೋಗಾಣುವೂ ಸಾಯುತ್ತವೆ, 70ರ ಹತ್ತಿರ ಹೋದರೆ ಕೊಳೆಸುವ ಜೀವಿಗಳೇ ಸೊರಗುತ್ತವೆ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಗುಡ್ಡೆಯ ಅಂಚಿನ ಪದರ ಎಂದೂ ಕಾಯುವುದಿಲ್ಲ, ಅದನ್ನು ಒಳಕ್ಕೆ ತಳ್ಳುವುದಕ್ಕೇ ತಿರುವಿ ಹಾಕುವುದು ಎನ್ನುವುದು ಮಾತ್ರ ಅಂಗೈ ಸುಟ್ಟ ಮೇಲೆ ತಲೆಗೆ ಹೋಯಿತು. ಕಾಂಪೋಸ್ಟಿನ ಇಂದೋರ್ ವಿಧಾನವನ್ನು ರೂಪಿಸಿದ ಆಲ್ಬರ್ಟ್ ಹೋವಾರ್ಡ್, ಬ್ರಿಟಿಷ್ ಸರ್ಕಾರ ಕಳಿಸಿದ ಸಸ್ಯವಿಜ್ಞಾನಿ, ರೈತರೂ ಕೀಟಗಳೂ ತನ್ನ ಪ್ರೊಫೆಸರುಗಳೆಂದು ಹೇಳಿಕೊಂಡ. ಅವರಲ್ಲಿ ಯಾರೂ ಅವನಿಗೆ ಕರಪತ್ರ ಕೊಟ್ಟಿರಲಾರರು.

ಬೀಜ ಮೊಳೆಯುವ ಮೊದಲೇ ಕಳಿಸಿಬಿಟ್ಟರು ಎಂಬ ದೂರು ನನಗೆ ನಿಜಕ್ಕೂ ಅರ್ಥವಾಗಲಿಲ್ಲ. ಮೇಷ್ಟ್ರಾಗಿದ್ದವರು ನೀವು. ಒಂದನೇ ತರಗತಿಗೆ ಮಗುವನ್ನು ಸೇರಿಸಿ, ಮೂರನೇ ದಿನ ಬಂದು ಕಾಗುಣಿತ ಇನ್ನೂ ಬಂದಿಲ್ಲವಲ್ಲ ಎನ್ನುವ ಅಪ್ಪನಿಗೆ ಏನು ಹೇಳುತ್ತಿದ್ದಿರಿ? ಹುರುಳಿಕಾಯಿಯ ಬೀಜಕ್ಕೇ ವಾರ ಬೇಕು, ಕ್ಯಾರೆಟ್ಟಿಗೆ ಎರಡು ಮೂರು ವಾರ. ಅದಕ್ಕೇ ಅಲ್ಲವೇ ಋತುವಿಗೊಂದು ಶಿಬಿರ ಇಟ್ಟಿರುವುದು! ಒಮ್ಮೆ ಬಿತ್ತಿದವರು ಮತ್ತೊಮ್ಮೆ ಕೊಯ್ಯಲು, ಮಗದೊಮ್ಮೆ ಬೀಜ ಹಿಡಿಯಲು ಬರಲಿ ಎಂದು. ಮತ್ತೆ ಬನ್ನಿ ಎಂದದ್ದು ವ್ಯಾಪಾರದ ಮಾತು ಎಂದು ನಿಮಗೆ ಕೇಳಿಸಿತು. ನನಗೆ ಅದು ಪಠ್ಯಕ್ರಮ ಎಂದು ಕೇಳಿಸುತ್ತದೆ.

ಋತುವಿಗೂ ಶಿಬಿರಕ್ಕೂ ಇರುವ ನಂಟು ಯಾರೋ ನಿನ್ನೆ ಮೊನ್ನೆ ಹುಟ್ಟಿಸಿದ್ದಲ್ಲ. ಬುದ್ಧನ ಭಿಕ್ಷುಗಳ ವರ್ಷಾವಾಸ ಹೇಗೆ ಶುರುವಾಯಿತು ಎಂದು ವಿನಯಪಿಟಕ ಹೇಳುತ್ತದೆ. ಮಳೆಗಾಲದಲ್ಲೂ ಅಲೆಯುತ್ತ ಹಸುರು ಹುಲ್ಲನ್ನೂ ಸಣ್ಣ ಜೀವಿಗಳನ್ನೂ ತುಳಿದುಹಾಕುತ್ತಿದ್ದಾರೆ ಎಂದು ಜನ ದೂರಿದರು. ಆಗ ಮಳೆಯ ಮೂರು ತಿಂಗಳು ಒಂದೆಡೆ ನಿಲ್ಲಿ ಎಂಬ ನಿಯಮ ಬಂತು. ಅಂದರೆ ಆ ಏಕಾಂತ ಹುಟ್ಟಿದ್ದೇ ಚಿಗುರನ್ನು ಉಳಿಸುವುದಕ್ಕೆ. ಮಳೆ ಯಾರಿಗೆ ಅನುಕೂಲ ಎಂದು ಯಾರೂ ಕೇಳಲಿಲ್ಲ. ನಾವೀಗ ಹವೆ ಹಿತವಾಗಿರುವ ವಾರಾಂತ್ಯ ಹುಡುಕಿ ಶಿಬಿರಕ್ಕೆ ಹೆಸರು ಬರೆಸುತ್ತೇವೆ, ಕೆಸರು ಕಂಡರೆ ಹಣ ವಾಪಸ್ ಕೇಳುತ್ತೇವೆ. ತೋಟಕ್ಕೆ ಜನ ಬೇಕಾಗುವುದು ಹಿತವಲ್ಲದ ಹವೆಯಲ್ಲೇ.

ಮೈಗಿಂತ ಮಾತಿಗೆ ಹೆಚ್ಚು ಕೆಲಸ ಕೊಟ್ಟ ಸಮುದಾಯಗಳ ಕಥೆ ಬೇಕಿದ್ದರೆ ‘ಫ್ರೂಟ್‌ಲ್ಯಾಂಡ್ಸ್’ ಇದೆ. 1843ರ ಜೂನಿನಲ್ಲಿ ಬ್ರಾನ್ಸನ್ ಆಲ್ಕಾಟ್ ಮತ್ತು ಚಾರ್ಲ್ಸ್ ಲೇನ್ ಮ್ಯಾಸಚೂಸೆಟ್ಸ್‌ನ 90 ಎಕರೆಯಲ್ಲಿ ಹೊಸ ಸ್ವರ್ಗ ಕಟ್ಟಹೊರಟರು. ದನದ ಗೊಬ್ಬರ ಅಶುದ್ಧ, ಬೇಡ ಎಂದರು. ತತ್ವಚರ್ಚೆಗೆ, ಉಪನ್ಯಾಸಕ್ಕೆ ಮಾತ್ರ ಬರವಿರಲಿಲ್ಲ. ಕೊಯ್ದ ಬಾರ್ಲಿ ಹೊಲದಲ್ಲಿ ಬಿದ್ದಿದೆ, ಮಳೆ ಕವಿದು ಬರುತ್ತಿದೆ, ಗಂಡಸರು ಯಾವುದೋ ಊರಿಗೆ ಆದರ್ಶ ಹಂಚಲು ಹೋಗಿದ್ದಾರೆ. ಆಲ್ಕಾಟನ ಹೆಂಡತಿ ಅಬ್ಬಾ ಮಕ್ಕಳನ್ನು ಕಟ್ಟಿಕೊಂಡು ಬುಟ್ಟಿ, ದುಪ್ಪಟಿಗಳಲ್ಲಿ ಕಾಳು ಹೊತ್ತು ತಂದಳು. ಆಗ ಹತ್ತು ವರ್ಷದವಳಾಗಿದ್ದ ಮಗಳು ಲೂಯಿಸಾ ದೊಡ್ಡವಳಾಗಿ ಬರೆದ ಕಥನದಲ್ಲಿ ಅಪ್ಪಂದಿರ ಮಾನ ಸಾವಕಾಶವಾಗಿ ಕಳೆದಿದ್ದಾಳೆ. ಮುಂದಿನ ಜನವರಿಗೆ ಸ್ವರ್ಗ ಬಾಗಿಲು ಹಾಕಿತು.

ಅದೇ 1843ರ ಶರತ್ಕಾಲದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲಕ್ಕೆ ಗೋಧಿ ಬಿತ್ತಿದರು. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಒಂದು ತಾಕಿಗೆ ವರ್ಷವರ್ಷವೂ ಹೆಕ್ಟೇರಿಗೆ 35 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ. ಗೊಬ್ಬರ ಬಿದ್ದ ಮಣ್ಣಿನಲ್ಲಿ ಈಗ ಸಾವಯವ ಇಂಗಾಲ ಬರಿ ತಾಕಿನದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಯಾರೂ ಹೊಸ ಮಾನವನನ್ನು ಸೃಷ್ಟಿಸಲು ಹೊರಟಿರಲಿಲ್ಲ. ಶುರುಮಾಡಿದ ಜಾನ್ ಲಾಸ್ ರಸಗೊಬ್ಬರದ ವ್ಯಾಪಾರಿ, ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಹುಡುಕಿ ಬರೆಯುತ್ತೀರಿ. ಹೊರುವವರು ಹೊತ್ತರು, ಅಳೆಯುವವರು ಅಳೆದರು, ಮಣ್ಣು ಬದಲಾಯಿತು.

ಮಾತು ಮತ್ತು ಮೈಗೆಲಸ ಒಟ್ಟಿಗೆ ಹೋದ ತಾಣಗಳೂ ಇವೆ. ಗಾಂಧಿ 1910ರಲ್ಲಿ ಜೋಹಾನ್ಸ್‌ಬರ್ಗ್ ಹೊರಗೆ, ಗೆಳೆಯ ಕಾಲನ್‌ಬಾಕ್ ಕೊಟ್ಟ 1,100 ಎಕರೆಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರುಮಾಡಿದರು. ಹತ್ತಿರ ಹತ್ತಿರ ಸಾವಿರ ಹಣ್ಣಿನ ಮರ. ಬಳಸಿದ ನೀರು ಬಕೆಟ್ಟಿನಲ್ಲಿ ಹಿಡಿದು ಮರದ ಬುಡಕ್ಕೆ, ಊಟದ ಉಳಿಕೆ ಗೊಬ್ಬರಕ್ಕೆ, ಮಲಕ್ಕೆ ಮನೆ ಪಕ್ಕದಲ್ಲೇ ಒಂದೂವರೆ ಅಡಿ ಆಳದ ಚೌಕ ಗುಂಡಿ, ಮೇಲೆ ಅದೇ ಮಣ್ಣಿನ ಮುಚ್ಚಿಗೆ. ಸತ್ಯಾಗ್ರಹದ ಬಗ್ಗೆ ಬರೆಯುವಾಗ ಗಾಂಧಿ ಈ ಗುಂಡಿಯ ಅಳತೆಯನ್ನೂ ಬಿಡದೆ ಬರೆದಿದ್ದಾರೆ. 1968ರಲ್ಲಿ ಪುದುಚೇರಿ ಹತ್ತಿರದ ಆರೋವಿಲ್ ಸಮುದಾಯಕ್ಕೆ ಬಂದವರಿಗೆ ಸಿಕ್ಕಿದ್ದು ಮಳೆಗೆ ಕೊಚ್ಚಿಹೋಗುತ್ತಿದ್ದ ಕೆಂಪು ಬಯಲು. ಬದು ಹಾಕಿ, ನೀರು ನಿಲ್ಲಿಸಿ, ಗಿಡ ನೆಟ್ಟ ಮೇಲೆ ನೆರಳು ಬಂತು. ಅಲ್ಲಿಗೆ ಈಗ ಹೋದವರು ನೆರಳಲ್ಲಿ ಕೂತು ಎಷ್ಟು ಪ್ರಶಾಂತ ಎನ್ನುತ್ತಾರೆ.

ದುಡ್ಡಿನ ಮಾತಿಗೆ ಬರುತ್ತೇನೆ. ದುಡ್ಡೇ ನಿಮ್ಮನ್ನು ಚುಚ್ಚುತ್ತಿದ್ದರೆ ಬೇರೆ ದಾರಿಯೂ ಉಂಟು. 1971ರಲ್ಲಿ ಲಂಡನ್ನಿನ ಕಾರ್ಯದರ್ಶಿ ಕೆಲಸದ ಸೂ ಕೋಪರ್ಡ್ ಎಂಬಾಕೆ ವಾರಾಂತ್ಯಕ್ಕೆ ಹಳ್ಳಿಗೆ ಹೋಗುವ ಆಸೆಯಿಂದ ಶುರುಮಾಡಿದ ‘ವೂಫ್’ ಈಗ ಎಷ್ಟೋ ದೇಶಗಳಲ್ಲಿದೆ. ಸಾವಯವ ತೋಟದಲ್ಲಿ ದುಡಿಯಿರಿ, ಊಟ ವಸತಿ ಪಡೆಯಿರಿ, ತೋಟದವರಿಗೂ ನಿಮಗೂ ನಡುವೆ ಹಣದ ಮಾತಿಲ್ಲ. ವರ್ಜೀನಿಯಾದಲ್ಲಿ 1967ರಿಂದ ಇರುವ ‘ಟ್ವಿನ್ ಓಕ್ಸ್’ ಸಮುದಾಯದಲ್ಲಿ ಅಡುಗೆ, ಮಕ್ಕಳ ಆರೈಕೆ, ಹೊಲ, ಲೆಕ್ಕಪತ್ರ, ಯಾವುದೇ ಕೆಲಸವಾದರೂ ಒಂದು ಗಂಟೆ ಒಂದೇ ಗಂಟೆ. ಮೂರು ವಾರ ನೋಡಲು ಬಂದವರೂ ಸದಸ್ಯರಂತೆಯೇ ದುಡಿಯಬೇಕು. ನೀವು ತೊಳೆದ ಪಾತ್ರೆಗೆ ಅಲ್ಲಿ ಲೆಕ್ಕವಿರುತ್ತಿತ್ತು. ಇನ್ನು ಶುಲ್ಕದಿಂದ ಯಾರೂ ಶ್ರೀಮಂತರಾಗಿಲ್ಲ. ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್ 1962ರಲ್ಲಿ ಮರಳುದಿಬ್ಬದ ಕ್ಯಾರವಾನ್ ಪಾರ್ಕಿನಲ್ಲಿ ಶುರುವಾಗಿ ದೈತ್ಯ ಎಲೆಕೋಸಿನಿಂದ ಹೆಸರಾಯಿತು. ಕೋಸು ಅಷ್ಟು ಬೆಳೆಯಲು ಕಾರಣ ದೇವತೆಗಳ ಸಂದೇಶ ಎಂದು ಜನ ನಂಬಿದರು. ಹೊತ್ತು ತಂದ ಕಡಲಪಾಚಿಯನ್ನೂ ಕುದುರೆ ಲದ್ದಿಯನ್ನೂ ಯಾಕೋ ಯಾರೂ ಹೊಗಳುವುದಿಲ್ಲ. ಅಲ್ಲಿಯೂ ಅತಿಥಿಗಳು ಅಡುಗೆಮನೆಯಲ್ಲೋ ತೋಟದಲ್ಲೋ ಕೈಜೋಡಿಸುವುದು ಕಾರ್ಯಕ್ರಮದ ಭಾಗವೇ ಆಗಿತ್ತು. ಅಷ್ಟು ಜಗತ್ಪ್ರಸಿದ್ಧವಾದ ಪ್ರತಿಷ್ಠಾನವೂ 2023ರಲ್ಲಿ ಹಣವಿಲ್ಲದೆ ತನ್ನ ಶಿಬಿರಗಳನ್ನು ನಿಲ್ಲಿಸಿತು. ಶಿಬಿರದ ಗಲ್ಲಾಪೆಟ್ಟಿಗೆ ನೀವು ಊಹಿಸಿದಷ್ಟು ಆಳದ್ದಲ್ಲ.

ನನ್ನ ಅಸಲು ತಕರಾರು ನಿಮ್ಮೊಬ್ಬರ ಮೇಲಲ್ಲ ಮೇಷ್ಟ್ರೇ, ನೀವು ಸಿಕ್ಕಿದಿರಿ ಅಷ್ಟೇ. ಈ ಕಚೇರಿಗೆ ಬರುವ ಕೈತೋಟದ ಲೇಖನಗಳನ್ನು ನೀವೊಮ್ಮೆ ನೋಡಬೇಕು. ಹತ್ತು ಸೂತ್ರ, ಏಳು ಗುಟ್ಟು, ಹದಿನೈದು ದಿನದಲ್ಲಿ ತಾರಸಿ ತುಂಬ ತರಕಾರಿ. ಜೊತೆಗೆ ಚಿತ್ರಗಳು: ಇಸ್ತ್ರಿ ಮಾಡಿದ ಬಟ್ಟೆ, ಸೊಂಟಕ್ಕೆ ವಾಲಿಸಿದ ಬುಟ್ಟಿ, ಉಗುರಿನಲ್ಲಿ ಒಂದು ಚೂರು ಮಣ್ಣಿಲ್ಲ. ಹುಳ ತಿಂದ ಎಲೆಯ ಚಿತ್ರ ಕಳಿಸಿ ಎಂದು ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ಕಲಿಯುವುದೆಲ್ಲ ಎರಡು ದಿನದಲ್ಲಿ ಮುಗಿಯಬೇಕು, ಮೂರನೇ ದಿನ ತಾವೇ ಬೇರೆಯವರಿಗೆ ಕಾರ್ಯಾಗಾರ ನಡೆಸಬೇಕು. ಸಂಗೀತಕ್ಕೆ ಹೀಗೆ, ಮಡಕೆ ಮಾಡುವುದಕ್ಕೆ ಹೀಗೆ, ಈಗ ಮಣ್ಣಿಗೂ ಹೀಗೆ. ಸಾವಯವದ ಬಗ್ಗೆ ಗಂಟೆಗಟ್ಟಲೆ ಮಾತಾಡಿದವರು ಮನೆಗೆ ಹೋಗಿ ಅಂಗಳದ ತರಗೆಲೆ ಗುಡಿಸಿ ಬೆಂಕಿ ಹಚ್ಚುತ್ತಾರೆ. ಆ ಮೇಲೆ ಗೊಬ್ಬರದ ಚೀಲ ಕೊಳ್ಳಲು ಅಂಗಡಿಗೆ ಹೋಗುತ್ತಾರೆ. ಇದನ್ನು ಬರೆಯುವಾಗ ನನ್ನ ಕಿಟಕಿಯಿಂದಲೇ ಅಂಥದೊಂದು ಹೊಗೆ ಒಳಗೆ ಬರುತ್ತಿದೆ, ಕೆಮ್ಮುತ್ತಲೇ ಬರೆಯುತ್ತಿದ್ದೇನೆ.

ಹಣ ವಾಪಸ್ ಕೇಳಬಹುದೇ ಎಂದಿದ್ದೀರಿ. ತೇವದ ಹಾಸಿಗೆಗೆ ಕೇಳಿ, ಧಾರಾಳವಾಗಿ ಕೇಳಿ. ಗುಡ್ಡೆ ತಿರುವಿದ್ದಕ್ಕೆ ಕೇಳಬೇಡಿ. ಅಲ್ಲಿಯವರು ಕೆಲಸ ತೋರಿಸಿ ಹೊರಟುಹೋದರೆ ಮುಂದಿನ ಸಲ ಹಿಂದೆಯೇ ಹೋಗಿ, ಅವರ ಪಕ್ಕದ ಮಡಿಯಲ್ಲಿ ಕೂತು ಕಳೆ ಕೀಳಿ. ಕೈ ಆಡುತ್ತಿರುವವರ ಜೊತೆ ಜನ ಮಾತಾಡುತ್ತಾರೆ.

ಕಾಗದದ ತುದಿಯಲ್ಲಿ, ಸಹಿಯೂ ಆದ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಮಾತು ಸೇರಿಸಿದ್ದೀರಿ: ಬಂದ ಮೇಲೆ ಹಿತ್ತಿಲಲ್ಲಿ ಒಂದು ಗುಡ್ಡೆ ಹಾಕಿದ್ದೇನೆ, ನಾರುತ್ತಿದೆ, ಮನೆಯವರು ಬೈಯುತ್ತಿದ್ದಾರೆ, ಏನು ಮಾಡಲಿ ಎಂದು. ಮೇಷ್ಟ್ರೇ, ಇಡೀ ಕಾಗದದಲ್ಲಿ ನನಗೆ ಇಷ್ಟವಾದ ಸಾಲು ಇದು. ಅಡುಗೆಮನೆಯ ಹಸಿ ಕಸವನ್ನಷ್ಟೇ ಸುರಿದಿದ್ದೀರಿ ಎಂದು ಕಾಣುತ್ತದೆ. ಮೂಗಿಗೆ ಘಾಟು ಹೊಡೆದರೆ ಸಾರಜನಕ ಹೆಚ್ಚಾಗಿದೆ, ಕೊಳೆತ ನಾತವಾದರೆ ಗಾಳಿ ಸಾಲದಾಗಿದೆ. ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ. ಪೂರ್ತಿ ಕೆಡವಿ, ಒಂದು ಪಾಲು ಹಸಿಗೆ ಎರಡು ಮೂರು ಪಾಲು ಒಣ ಎಲೆ ಸೇರಿಸಿ ಪದರ ಪದರವಾಗಿ ಮತ್ತೆ ಒಟ್ಟಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಇಣುಕುವಷ್ಟು ತೇವ ಇರಲಿ. ವಾರಕ್ಕೊಮ್ಮೆ ತಿರುವಿ. ಒಣ ಎಲೆ ಎಲ್ಲಿಂದ ತರಲಿ ಎನ್ನಬೇಡಿ. ಪಕ್ಕದ ಮನೆಯವರು ಗುಡಿಸಿ ರಾಶಿ ಹಾಕಿರುತ್ತಾರೆ, ಕಡ್ಡಿ ಗೀರುವ ಮೊದಲು ಚೀಲ ಹಿಡಿದು ಹೋಗಿ.

— ಸಂ.