ಮಂಗಳೂರು ಬಂದರಿನ ಪಾಳುಬಿದ್ದ ಹಂಚಿನ ಕಾರ್ಖಾನೆಗಳ ಒಳಗೆ ಹೋಗಿ ನೋಡಬಹುದಾ?

ನೀವು ಕೇಳಿದ್ದು ಇಷ್ಟು: ಲಂಡನ್ನಿನ ರಾಯಲ್ ವಿಕ್ಟೋರಿಯಾ ಡಾಕ್ ಪಕ್ಕದ ಮಿಲೆನಿಯಂ ಮಿಲ್ಸ್ ಎಂಬ ಹಳೆ ಹಿಟ್ಟಿನ ಗಿರಣಿಯೊಳಗೆ ಹುಡುಗರು ನುಗ್ಗಿ ತೆಗೆದ ವೀಡಿಯೋ ನೋಡಿದ್ದೀರಿ. ಮಂಗಳೂರಿನ ಹಳೆ ಬಂದರು, ಹೊಯ್ಗೆಬಜಾರ್, ಬೋಳಾರ, ಜೆಪ್ಪು ಕಡೆ ಮುಚ್ಚಿಹೋದ ಹಂಚಿನ ಕಾರ್ಖಾನೆಗಳಿವೆ ಎಂದು ಯಾರೋ ಹೇಳಿದ್ದಾರೆ. ಅಲ್ಲೂ ಹಾಗೆ ಓಡಾಡಬಹುದಾ, ನೋಡುವಂಥದ್ದು ಏನಾದರೂ ಉಳಿದಿದೆಯಾ, ಅಪಾಯ ಎಷ್ಟು?

ಓಡಾಡಬಹುದು. ಆದರೆ ಗೇಟಿನಿಂದ, ಕೇಳಿಕೊಂಡು. ಕಾಂಪೌಂಡ್ ಹಾರಿ ಅಲ್ಲ. ನಾನು ಇದೇ ಕಡೆಯವನು. ನಮ್ಮ ದೊಡ್ಡಮ್ಮ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಬೇರೆಯವರ ಜಾಗಕ್ಕೆ ಸುಮ್ನೆ ಕಾಲಿಟ್ಟರೆ ಅದು ಹೆಚ್ಚಾಗಿ ಸಿವಿಲ್ ತಕರಾರು, ಪೊಲೀಸ್ ಕೇಸಲ್ಲ. ಆ ವೀಡಿಯೋ ಹುಡುಗರ ಅರ್ಧ ಧೈರ್ಯ ಅಲ್ಲಿಂದಲೇ ಬಂದದ್ದು. ನಮ್ಮಲ್ಲಿ ಅತಿಕ್ರಮ ಪ್ರವೇಶಕ್ಕೆ ಹಿಂದೆ ಐಪಿಸಿ 447 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್. ಒಳಗೆ ಹೋದವನಿಗೆ ಕೆಟ್ಟ ಉದ್ದೇಶ ಇತ್ತು ಅಂತ ತೋರಿಸಬೇಕು, ನಿಜ. ಅದೆಲ್ಲ ಕೋರ್ಟಿನಲ್ಲಿ. ಅದಕ್ಕೂ ಮುಂಚೆ ಠಾಣೆಯ ಬೆಂಚಿನ ಮೇಲೆ ಕೂರುವವರು ನೀವು. ಇನ್ನೊಂದು, ಪಾಳುಬಿದ್ದಿದೆ ಎಂದರೆ ವಾರಸುದಾರರಿಲ್ಲ ಎಂದಲ್ಲ. ಮನೆಯವರ ಪಾಲುಪಟ್ಟಿ ಜಗಳದಲ್ಲೋ ಬಿಲ್ಡರ್ ಜೊತೆಗಿನ ಮಾತುಕತೆಯಲ್ಲೋ ಸಿಕ್ಕಿಕೊಂಡ ಜಾಗಗಳೇ ಜಾಸ್ತಿ. ಅಂಥ ಕಡೆ ಕ್ಯಾಮರಾ ಹಿಡಿದು ಬಂದವರನ್ನು ಎದುರು ಪಾರ್ಟಿಯ ಜನ ಅಂದುಕೊಳ್ಳುತ್ತಾರೆ.

ಒಳಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಬಂದರಿನಿಂದ ಬೆಂಗ್ರೆಗೆ ಹೋಗುವ ದೋಣಿ ಹತ್ತಿ. ಬೆಂಗ್ರೆ ಎಂದರೆ ಸಮುದ್ರಕ್ಕೂ ಗುರುಪುರ ನದಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿ. ಉತ್ತರದಿಂದ ಗುರುಪುರ ನದಿ, ಪೂರ್ವದಿಂದ ನೇತ್ರಾವತಿ ಬಂದು ಅಳಿವೆಯಲ್ಲಿ ಸೇರುತ್ತವೆ. ನದಿ ಮಧ್ಯೆ ನಿಂತು ಊರಿನ ಕಡೆ ತಿರುಗಿ ನೋಡಿದರೆ ಧಕ್ಕೆ (ದೋಣಿ ನಿಲ್ಲುವ ಕಟ್ಟೆ), ಮೀನಿನ ಬೋಟುಗಳ ಸಾಲು, ಗೋದಾಮುಗಳ ಹಂಚಿನ ಮಾಡು (ಚಾವಣಿ) ಕಾಣುತ್ತವೆ. ಹಂಚಿನ ಕಾರ್ಖಾನೆಗಳು ಯಾಕೆ ನೀರಿನ ಅಂಚಿಗೇ ಅಂಟಿಕೊಂಡಿದ್ದವು ಅನ್ನುವುದು ಅಲ್ಲಿಂದ ನೋಡಿದರೆ ತಲೆಗೆ ಹೋಗುತ್ತದೆ. ಜೇಡಿಮಣ್ಣು ನದಿಯ ದಂಡೆಯದು, ಬರುತ್ತಿದ್ದದ್ದು ದೋಣಿಯಲ್ಲಿ. ಸೌದೆಯೂ ದೋಣಿಯಲ್ಲಿ. ಸುಟ್ಟ ಹಂಚು ಮತ್ತೆ ದೋಣಿ ಹತ್ತಿ ಬಂದರಿಗೆ ಹೋಗಿ ಮಂಜಿ, ಅಂದರೆ ಸರಕು ಸಾಗಿಸುವ ಮರದ ಹಡಗು, ಸೇರುತ್ತಿತ್ತು. ಹಳೆ ಬಂದರಿನಲ್ಲಿ ಆಳ ಕಡಿಮೆ, ದೊಡ್ಡ ಹಡಗು ಒಳಗೆ ಬರುವ ಹಾಗಿರಲಿಲ್ಲ. ಹೊರಗೆ ಸಮುದ್ರದಲ್ಲಿ ಲಂಗರು ಹಾಕಿದ ಹಡಗಿಗೆ ಸರಕನ್ನು ದೋಣಿಯಲ್ಲೇ ಮುಟ್ಟಿಸಬೇಕಿತ್ತು. ಹಾಗೆ ಹೋದ ಹಂಚು ಕೊಲಂಬೊ, ಬರ್ಮಾ, ಪೂರ್ವ ಆಫ್ರಿಕಾದ ಮನೆಗಳ ಮೇಲೆ ಕೂತಿತು. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳ ವ್ಯವಹಾರವೆಲ್ಲ ಅಲ್ಲಿಗೆ. ಹಳೆ ಬಂದರಿಗೆ ಉಳಿದದ್ದು ಮೀನು ಮತ್ತು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು.

ಹಾಗಂತ ಕಾರ್ಖಾನೆಗಳು ಮುಚ್ಚಿದ್ದು ಬಂದರು ಹೋದದ್ದರಿಂದ ಅಂದುಕೊಳ್ಳಬೇಡಿ. ಬಹಳ ಜನ ಹಾಗೆ ಬರೆಯುತ್ತಾರೆ. ನಿಜವಾದ ಹೊಡೆತ ಕೊಟ್ಟದ್ದು ಕಾಂಕ್ರೀಟ್ ಸ್ಲ್ಯಾಬು. ಅದರ ಮೇಲೆ ಸೌದೆ ದುಬಾರಿಯಾಯಿತು, ಒಳ್ಳೆಯ ಮಣ್ಣು ಸಿಗುವುದು ಕಷ್ಟವಾಯಿತು. ಆಮೇಲೆ ನದಿ ಬದಿಯ ಎಕರೆಗಟ್ಟಲೆ ಜಾಗಕ್ಕೆ ಹಂಚಿಗಿಂತ ಜಾಸ್ತಿ ಬೆಲೆ ಬಂತು. ಅಪಾರ್ಟ್‌ಮೆಂಟ್ ಎದ್ದ ಮೇಲೆ ಅಲ್ಲಿ ಕಾರ್ಖಾನೆ ಇತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ.

ಈಗ ಒಳಗಿನ ವಿಷಯ. ಹೋಗುವ ಮುಂಚೆ ಇಷ್ಟು ತಿಳಿದಿರಲಿ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದರು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕೊಂಡಿಯಾಗಿ ಕೂರುವ ಈ ಹಂಚಿನ ಮಾದರಿ ಯುರೋಪಿನದು, ಫ್ರಾನ್ಸಿನ ಆಲ್ಸಾಸ್ ಪ್ರದೇಶದ ಗಿಲಾರ್ಡೋನಿ ಸಹೋದರರು ಕಂಡುಹಿಡಿದದ್ದು. ಹಿಂದೆ ಇಲ್ಲಿದ್ದ ನಾಡಹಂಚಿಗಿಂತ ಇದು ಹಗುರ, ಗಾಳಿಮಳೆಗೆ ಜಗ್ಗುವುದಿಲ್ಲ. ಮೂರೇ ವರ್ಷದಲ್ಲಿ, ಅಂದರೆ 1868ರಲ್ಲಿ, ಊರಿನವರದ್ದೇ ಆದ ಅಲ್ಬುಕರ್ಕ್ ಕಾರ್ಖಾನೆಯೂ ಬಂತು. ಆಮೇಲೆ ಸಾಲುಸಾಲಾಗಿ ಎದ್ದವು.

ಒಳಗೆ ಹೋದವರು ಮೊದಲು ಚಿಮಿಣಿಯ ಫೋಟೋ ತೆಗೆಯುತ್ತಾರೆ. ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನೋಡಬೇಕಾದದ್ದು ಭಟ್ಟಿ. ಹಾಫ್‌ಮನ್ ಭಟ್ಟಿ ಎನ್ನುತ್ತಾರೆ, 1858ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಆದ ವಿನ್ಯಾಸ. ಕಮಾನಿನ ಸುರಂಗವೊಂದು ಉದ್ದಕ್ಕೆ ಹೋಗಿ ತಿರುಗಿ ವಾಪಸು ಬಂದು ತನ್ನನ್ನೇ ಸೇರುತ್ತದೆ. ಪಕ್ಕದಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ಬಾಗಿಲುಗಳು. ಇದರಲ್ಲಿ ಹಂಚು ಇದ್ದಲ್ಲೇ ಇರುತ್ತದೆ, ಬೆಂಕಿಯೇ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತು ಬರುತ್ತದೆ. ಮುಂದಿನ ಕೋಣೆಯ ಹಸಿ ಹಂಚನ್ನು ಹಿಂದಿನ ಕೋಣೆಯ ಬಿಸಿಗಾಳಿ ಒಣಗಿಸುತ್ತದೆ, ಸುಟ್ಟು ಮುಗಿದದ್ದು ಅದರ ಹಿಂದೆ ತಣಿಯುತ್ತದೆ. ಒಂದು ಕಡೆ ಇಳಿಸುತ್ತಿರುವಾಗ ಇನ್ನೊಂದು ಕಡೆ ತುಂಬುತ್ತಿರುತ್ತಾರೆ. ಬೆಂಕಿ ಆರಿಸುವ ಮಾತೇ ಇಲ್ಲ. ಕಮಾನಿನ ನೆತ್ತಿಯ ಮೇಲೆ ಸಾಲಾಗಿ ತೂತುಗಳು, ಅವುಗಳಿಗೆ ಬೀಡುಕಬ್ಬಿಣದ ಮುಚ್ಚಳ. ಸೌದೆ ಹಾಕುತ್ತಿದ್ದದ್ದು ಅಲ್ಲಿಂದ.

ಆ ಮುಚ್ಚಳಗಳಿರುವ ಅಟ್ಟದ ಮೇಲೆ ಮಾತ್ರ ಹತ್ತಬೇಡಿ. ಫೋಟೋ ಚೆನ್ನಾಗಿ ಬರುವುದು ಅಲ್ಲಿಂದಲೇ, ಗೊತ್ತು. ಉರಿಯುತ್ತಿದ್ದಷ್ಟು ದಿನ ಗಟ್ಟಿಯಿದ್ದ ಕಮಾನು ಈಗ ಮಳೆಗಾಲದಲ್ಲಿ ನೀರು ಕುಡಿದು, ಬೇಸಗೆಯಲ್ಲಿ ಒಣಗಿ, ಒಳಗಿಂದೊಳಗೆ ಸಡಿಲವಾಗಿರುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಭಟ್ಟಿಯ ಸುತ್ತ ಮತ್ತು ಮೇಲೆ ಒಣಗಿಸುವ ಅಂತಸ್ತುಗಳು. ಉದ್ದುದ್ದ ಶೆಡ್ಡು, ಮರದ ಅಟ್ಟಣಿಗೆ, ಗಾಳಿಯಾಡಲೆಂದು ಗೋಡೆ ಅರ್ಧಕ್ಕೇ ನಿಂತಿರುತ್ತದೆ. ಒತ್ತಿದ ಹಸಿ ಹಂಚನ್ನು ಮರದ ಹಲಗೆಯ ಮೇಲಿಟ್ಟು, ಅಂಚಿಗೆ ಉಳಿದ ಮಣ್ಣು ಕತ್ತರಿಸಿ, ಈ ಅಟ್ಟಣಿಗೆಗಳಲ್ಲಿ ಜೋಡಿಸುತ್ತಿದ್ದರು. ಹೊತ್ತೊಯ್ಯುವ ಕೆಲಸ ಹೆಚ್ಚಾಗಿ ಹೆಂಗಸರದ್ದು. ದೊಡ್ಡಮ್ಮನಿಗೆ ಕೊನೆಯವರೆಗೂ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಟ್ಟಿ ಗಂಟು ಇತ್ತು, ಹಲಗೆ ಹಿಡಿದು ಹಿಡಿದು ಬಂದದ್ದು. "ಒಣಗಿದ್ದು ಭಾರ ಇಲ್ಲ ಮಗಾ, ಹಸಿದೇ ಭಾರ" ಎನ್ನುತ್ತಿದ್ದರು. ಈ ಊರಿನ ಕಾರ್ಮಿಕ ಸಂಘಗಳು ಬೆಳೆದದ್ದು ಹಂಚು, ಗೇರುಬೀಜ, ಬೀಡಿ, ಈ ಮೂರರ ಕೆಲಸಗಾರರಿಂದ. ಪಾಳು ಕಟ್ಟಡದ ಫೋಟೋ ಹಾಕುವವರು ಯಾರೂ ಈ ಮಾತು ಎತ್ತುವುದಿಲ್ಲ, ಅದೊಂದು ನನಗೆ ಕಿರಿಕಿರಿ.

ಅಪಾಯ ಎಷ್ಟು ಅಂದಿರಲ್ಲ. ನನ್ನ ಲೆಕ್ಕದಲ್ಲಿ ಮೊದಲನೆಯದು ಮಾಡು. ಕಾರ್ಖಾನೆಯ ಮಾಡಿಗೂ ಹಂಚೇ. ಹಂಚು ಹೊರುವ ಮರದ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿರುತ್ತದೆ, ಒಳ್ಳೆ ಮರವನ್ನು ಯಾರೋ ರಾತ್ರಿ ಬಿಚ್ಚಿಕೊಂಡು ಹೋಗಿರುತ್ತಾರೆ. ಉಳಿದ ನಾಲ್ಕು ಪಕ್ಕಾಸಿನ ಮೇಲೆ ಹಂಚಿನ ರಾಶಿ ಜೋತುಬಿದ್ದಿರುತ್ತದೆ. ಒಂದು ಹಂಚು ಎರಡರಿಂದ ಮೂರು ಕಿಲೊ ತೂಗುತ್ತದೆ, ನೆನಪಿರಲಿ. ಎರಡನೆಯದು ನೆಲ. ಮಣ್ಣು ನೆನೆಹಾಕುತ್ತಿದ್ದ ಹೊಂಡಗಳಲ್ಲಿ ನೀರು ನಿಂತು ಮೇಲೆ ಹಸಿರು ಕಟ್ಟಿರುತ್ತದೆ, ಹುಲ್ಲು ಅಂದುಕೊಂಡು ಕಾಲಿಟ್ಟರೆ ಮುಗಿಯಿತು. ಕಟ್ಟೆಯಿಲ್ಲದ ಬಾವಿಗಳೂ ಇರುತ್ತವೆ. ಆಮೇಲೆ ಹಾವು. ಒಡೆದ ಹಂಚಿನ ರಾಶಿ ಎಂದರೆ ವಿಷದ ಕನ್ನಡಿ ಹಾವಿಗೆ (ಕೊಳಕುಮಂಡಲ) ಹೇಳಿ ಮಾಡಿಸಿದ ಜಾಗ. ಬೂಟು ಬೇಕು, ಚಪ್ಪಲಿ ನಡೆಯುವುದಿಲ್ಲ. ಮುರಕಲ್ಲಿನ ಗೋಡೆಯಲ್ಲಿ ಗೋಳಿಮರ ಬೇರು ಬಿಟ್ಟಿದ್ದರೆ ನೋಡಲು ಚೆಂದ, ಆದರೆ ಆ ಗೋಡೆಗೆ ಒರಗಬೇಡಿ. ಮಳೆಗಾಲದಲ್ಲಿ ಬರಲೇಬೇಡಿ. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಡಿಸೆಂಬರ್, ಜನವರಿ ಒಳ್ಳೆಯದು, ಹುಲ್ಲೂ ಒಣಗಿರುತ್ತದೆ.

ಅನುಮತಿ ಕೇಳುವುದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಗೇಟಿನ ವಾಚ್‌ಮನ್ ಬಹಳ ಸಲ ಅದೇ ಕಾರ್ಖಾನೆಯ ಹಳೆ ಕೆಲಸಗಾರ. "ಫೋಟೋ ತೆಗೀಬಹುದಾ" ಎಂದು ಶುರುಮಾಡಬೇಡಿ. "ಇಲ್ಲಿ ದಿನಕ್ಕೆ ಎಷ್ಟು ಹಂಚು ಆಗ್ತಿತ್ತು ಅಣ್ಣಾ" ಎಂದು ಕೇಳಿ ನೋಡಿ. ನಾನು ಹಾಗೆ ಕೇಳಿದ ಒಂದು ಕಡೆ ಆ ಹಿರಿಯರು ಮೊದಲು ಮಾಲೀಕರ ಮನೆಗೆ ಫೋನ್ ಮಾಡಿ ಒಪ್ಪಿಗೆ ಕೇಳಿದರು. ಆಮೇಲೆ ಅವರೇ ಮುಂದೆ ನಿಂತು ಎಲ್ಲ ತೋರಿಸಿದರು. ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಒತ್ತುಯಂತ್ರ ಇತ್ತು, ತುಕ್ಕು ಹಿಡಿದರೂ ಚಕ್ರ ಅಲ್ಲೇ ಇತ್ತು. ಪಕ್ಕದಲ್ಲಿ ಬಿದ್ದಿದ್ದ ಎರಡು ಹಂಚು ಎತ್ತಿ, ಒಂದೊಂದಕ್ಕೂ ಬೆರಳಿನ ಗೆಣ್ಣಿನಿಂದ ತಟ್ಟಿದರು. ಒಂದು ಟಣ್ ಎಂದಿತು, ಇನ್ನೊಂದು ಡಬ್ ಎಂದಿತು. ಡಬ್ ಎಂದದ್ದು ಸರಿಯಾಗಿ ಬೆಂದಿಲ್ಲ, ಇಲ್ಲವೇ ಒಳಗೆ ಬಿರುಕು. "ಇದನ್ನು ಮಂಜಿಗೆ ಹತ್ತಿಸ್ತಿರಲಿಲ್ಲ" ಅಂದರು.

ಬಂದರಿನ ಒಳಗೆ ಓಡಾಡುವಾಗ ಕಸ್ಟಮ್ಸ್ ಕಚೇರಿ, ಪೊಲೀಸ್ ಬೋಟು ಇವುಗಳ ಕಡೆ ಕ್ಯಾಮರಾ ತಿರುಗಿಸಬೇಡಿ. ಡ್ರೋನ್ ಮನೆಯಲ್ಲೇ ಇರಲಿ. ಧಕ್ಕೆಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಮೀನು ಹೊರುವವರ ದಾರಿಗೆ ಅಡ್ಡ ನಿಲ್ಲಬೇಡಿ, ಬೈಗುಳ ತುಳುವಿನಲ್ಲಿ ಬರುತ್ತದೆ.

ಕೊನೆಗೊಂದು, ಎಲ್ಲರೂ ಬೇಸ್ತು ಬೀಳುವ ವಿಷಯ. ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಬಾಸೆಲ್ ಮಿಶನ್ ಹಂಚಿನಲ್ಲಿ 1865 ಎಂದೂ ಇರುತ್ತದೆ. ಕೂಡಲೇ "ನೂರೈವತ್ತು ವರ್ಷ ಹಳೇ ಹಂಚು ಸಿಕ್ತು" ಎಂದು ಸ್ಟೇಟಸ್ ಹಾಕುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ ಮಾರಾಯ್ರೇ, ಹಂಚು ಮಾಡಿದ ವರ್ಷ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್‌ನ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು.  ಹಾಗಾಗಿ ವರ್ಷ ನೋಡಬೇಡಿ, ಹೆಸರು ನೋಡಿ. ಮಿಶನ್ ಹೆಸರಿದ್ದರೆ ಯುದ್ಧಕ್ಕಿಂತ ಹಿಂದಿನದು, ಟ್ರಸ್ಟ್ ಹೆಸರಿದ್ದರೆ ಆಮೇಲಿನದು.

ಇಷ್ಟವಾಯಿತು ಅಂತ ಕಾರ್ಖಾನೆಯೊಳಗಿನ ಹಂಚನ್ನು ಚೀಲಕ್ಕೆ ಹಾಕಿಕೊಂಡು ಬರಬೇಡಿ, ಅಲ್ಲಿಗೆ ಅದು ಕಳ್ಳತನ. ಹಳೆ ಮನೆ ಕೆಡವಿದ ಮರ, ಹಂಚು, ಬಾಗಿಲು ಮಾರುವವರು ಊರಲ್ಲಿ ಇದ್ದಾರೆ. ರಾಶಿಯಲ್ಲಿ ಹುಡುಕಿದರೆ ಮಿಶನ್ ಹೆಸರಿನದೂ ಸಿಗುತ್ತದೆ, ದುಡ್ಡು ಕೊಟ್ಟು ತನ್ನಿ. ತಟ್ಟಿ ನೋಡಿ ತನ್ನಿ.