ಪ್ರತಿಕ್ರಿಯೆ: 3,000 ಪದದ ಕತೆಯನ್ನು 2,000ಕ್ಕೆ ಇಳಿಸುವ ಬಗ್ಗೆ

ನಿಮ್ಮ ಕತೆ 3,000 ಪದ ಇದೆ, ಸ್ಪರ್ಧೆಯ ಮಿತಿ 2,000, ಸಂಭಾಷಣೆಯ ಮಲಯಾಳ ಮಾತನ್ನೂ ತೆಗೆಯಬೇಕೇ ಎಂದು ಕೇಳಿದ್ದೀರಿ. ಮಲಯಾಳ ಇರಲಿ. ಕಾಸರಗೋಡಿನ ಕತೆಯಿಂದ ಅದನ್ನು ತೆಗೆದರೆ ಊರೇ ಹೋಗುತ್ತದೆ. ಆವರಣದಲ್ಲಿ ಅರ್ಥ ಕೊಡುವುದನ್ನು ಮಾತ್ರ ಬಿಡಿ. ಉದಾಹರಣೆಗೆ, ಕಂಡಕ್ಟರ್ "ಎವಿಡೇಕ್ಕಾ?" ಅಂದ, ಅಜ್ಜಿ "ಬದಿಯಡ್ಕಕ್ಕೆ ಎರಡು" ಅಂದರು. ಉತ್ತರದಿಂದಲೇ ಪ್ರಶ್ನೆ ತಿಳಿಯುತ್ತದೆ, ಮಲಯಾಳ ಬಾರದ ಧಾರವಾಡದ ಓದುಗರಿಗೂ ಇಷ್ಟು ಸಾಕು.

ಇನ್ನು ಕಡಿತ. ಪದ ಪದ ಹೆಕ್ಕಿ ಸಾವಿರ ಇಳಿಸುವುದು ಕಷ್ಟ, ಕತೆಯೂ ಸೊರಗುತ್ತದೆ. ಮೊದಲು ದೃಶ್ಯಗಳನ್ನೇ ನೋಡಿ. ಒಂದು ವಾರ ಕತೆ ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು ಪ್ರತಿ ದೃಶ್ಯದ ಪಕ್ಕ ಒಂದು ಸಾಲು ಬರೆಯಿರಿ: ಇಲ್ಲಿ ಏನು ಬದಲಾಯಿತು? ಉತ್ತರ ಹೊಳೆಯದಿದ್ದರೆ ಆ ದೃಶ್ಯ ಹೋಗಲಿ. ಅದರಲ್ಲಿ ಬೇಕೇ ಬೇಕಾದ ಸಂಗತಿಯಿದ್ದರೆ ಪಕ್ಕದ ದೃಶ್ಯಕ್ಕೆ ಒಂದು ಸಾಲಾಗಿ ಸೇರಲಿ. ಮೊದಲ ಪುಟವನ್ನಂತೂ ಅನುಮಾನದಿಂದಲೇ ಓದಿ. ಮಳೆ, ತೋಟ, ಮನೆತನದ ವಿವರವೆಲ್ಲ ಮುಗಿದ ಮೇಲೆ ಕತೆ ಶುರುವಾಗುವುದು ಬಹಳ ಸಾಮಾನ್ಯ.

ವಾಕ್ಯಕ್ಕೆ ಕೈ ಹಾಕುವುದು ಕೊನೆಗೆ. ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲಿ ಗುರುತು ಹಾಕಿ. "ಅವನು ತುಂಬಾ ಸಿಟ್ಟುಗೊಂಡು ಅಡಿಕೆಯ ಚೀಲವನ್ನು ಜೋರಾಗಿ ಜಗಲಿಗೆ ಎಸೆದುಬಿಟ್ಟನು" ಎಂಬಲ್ಲಿ ಎಂಟು ಪದ. "ಅಡಿಕೆ ಚೀಲ ಜಗಲಿಗೆ ಎಸೆದ" ಎಂದರೆ ನಾಲ್ಕೇ, ಸಿಟ್ಟು ಅಲ್ಲೇ ಇದೆ. ಕ್ರಿಯಾಪದಕ್ಕೆ ಸುಮ್ಮನೆ ಅಂಟಿಕೊಳ್ಳುವ "ಬಿಟ್ಟ", "ತೊಡಗಿದ"ಗಳನ್ನು ಫೈಲಿನಲ್ಲಿ ಹುಡುಕಿ ನೋಡಿ, ಎಷ್ಟು ಸಿಗುತ್ತವೆಂದು ಗೊತ್ತಾಗುತ್ತದೆ. ಒಂದು ಕಡೆ "ಎಸೆದನು", ಇನ್ನೊಂದು ಕಡೆ "ಎಸೆದ" ಅಂತ ನಿರೂಪಣೆ ಕಲಸುಮೇಲೋಗರ ಆಗದಿರಲಿ. ಹಳೆಯ ಪ್ರತಿಯನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡೇ ಕತ್ತರಿ ಹಿಡಿಯಿರಿ.