ರೋಲ್ ಬಂದ್ರೆ ಆರ್ಪೆಜಿಯೊ ಬಂತು ಅಂತಲ್ಲ ಮಾರಾಯ್ರೆ

ಪ್ರಶ್ನೆ: ಸರ್, ಐದು ತಂತಿ ಬ್ಯಾಂಜೋದಲ್ಲಿ ಫಾರ್ವರ್ಡ್ ರೋಲ್, ಬ್ಯಾಕ್‌ವರ್ಡ್ ರೋಲ್ ಎರಡೂ ಸ್ಪೀಡಾಗಿ ಬರುತ್ತೆ. ಅದೇ ಆರ್ಪೆಜಿಯೊ ತಾನೆ, ಬೇರೆ ಪ್ರಾಕ್ಟೀಸ್ ಯಾಕೆ?

ಈ ಪ್ರಶ್ನೆ ಬರದೇ ಇರೋ ತಿಂಗಳೇ ಇಲ್ಲ. ಓಪನ್ ಜಿ ಟ್ಯೂನಿಂಗಲ್ಲಿ ಐದನೇದರಿಂದ ಒಂದನೇದರ ತನಕ ತಂತಿಗಳೇ ಜಿ, ಡಿ, ಜಿ, ಬಿ, ಡಿ ಇರೋದು, ಎಡಗೈ ಜೇಬಲ್ಲಿಟ್ಕೊಂಡು ಮೀಟಿದ್ರೂ ಜಿ ಮೇಜರ್ ಕಾರ್ಡ್ (ಒಟ್ಟಿಗೆ ಹೊಂದೋ ನೋಟ್‌ಗಳ ಗುಂಪು) ಕೇಳುತ್ತೆ, ಆ ಕೆಲಸ ಮಾಡಿದ್ದು ಟ್ಯೂನಿಂಗು, ನೀವಲ್ಲ. ರೋಲ್ ಅಂದ್ರೆ ಬಲಗೈ ಬೆರಳುಗಳ ಸರದಿ ಅಷ್ಟೇ. ಆರ್ಪೆಜಿಯೊ ಅಂದ್ರೆ ಕಾರ್ಡಿನ ನೋಟ್‌ಗಳನ್ನ ಒಂದೊಂದಾಗಿ ನುಡಿಸೋದು, ಅಲ್ಲಿ ಈಗ ಮೀಟಿದ್ದು ಕಾರ್ಡಿನ ರೂಟಾ (ಮೂಲ ನೋಟ್), ಥರ್ಡಾ (ಅದರಿಂದ ಮೂರನೇದು), ಫಿಫ್ತಾ (ಐದನೇದು) ಅಂತ ಗೊತ್ತಿರ್ಬೇಕು.

ಸಿ ಕಾರ್ಡ್ ತಗೊಳ್ಳಿ, ಅಲ್ಲಿರೋದು ಸಿ, ಇ, ಜಿ. ಬರೀ ಒಂದನೇ ತಂತಿ ಮೇಲೆ 2ನೇ ಫ್ರೆಟ್ (ವಾದ್ಯದ ಕತ್ತಿನ ಮೇಲಿರೋ ಅಡ್ಡಪಟ್ಟಿ) ಇ, 5 ಜಿ, 10 ಸಿ, 14 ಮತ್ತೆ ಇ. ಬಾಯಲ್ಲಿ ಹೆಸರು ಹೇಳ್ತಾ ಹತ್ತಿ, ಇಳೀರಿ. ಆಮೇಲೆ ಒಂದೊಂದು ಕಡೆ ನಿಂತು ನಾಲ್ಕನೇ ತಂತಿಯಿಂದ ಒಂದನೇದಕ್ಕೆ ಬನ್ನಿ: 2ರ ಹತ್ರ ಡಿ ಶೇಪಲ್ಲಿ (ಡಿ ಕಾರ್ಡ್ ಹಿಡಿಯೋ ಬೆರಳಿನ ಆಕಾರ) ಇ-ಜಿ-ಸಿ-ಇ, 5ರಲ್ಲಿ ಬಾರ್ ಹಾಕಿದ್ರೆ (ಒಂದೇ ಬೆರಳು ಎಲ್ಲಾ ತಂತಿಗೂ ಅಡ್ಡ ಇಟ್ರೆ) ಜಿ-ಸಿ-ಇ-ಜಿ, 10ರ ಹತ್ರ ಎಫ್ ಶೇಪಲ್ಲಿ ಸಿ-ಇ-ಜಿ-ಸಿ. ಕಾರ್ಡ್ ಒಂದೇ, ಶುರು ಆಗೋ ನೋಟ್ ಮಾತ್ರ ಬೇರೆ. ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಹಿಡಿಯೋ ಯಂತ್ರ) ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಬೀಟ್‌ಗೆ ಒಂದೇ ನೋಟ್, ಎಲ್ಲಾದ್ರೂ ಝರ್ ಅಂತ ಬಝ್ ಬಂದ್ರೆ ಬೆರಳು ಫ್ರೆಟ್‌ಗೆ ಇನ್ನೂ ಹತ್ರ ತನ್ನಿ.

ನಿಜವಾದ ತೊಂದ್ರೆ ಐದನೇ ತಂತಿ. ಅದು ಜಿ. ಜಿ ಕಾರ್ಡಲ್ಲೂ ಸಿ ಕಾರ್ಡಲ್ಲೂ ಜಿ ಇದೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಡಿಗೆ ಬನ್ನಿ, ಅಲ್ಲಿರೋದು ಡಿ, ಎಫ್ ಶಾರ್ಪ್, ಎ, ಆದ್ರೆ ರೋಲ್ ಅಭ್ಯಾಸ ಆಗಿರೋ ಹೆಬ್ಬೆರಳು ಸುಮ್ನೆ ಹೋಗಿ ಜಿ ಬಾರಿಸಿರುತ್ತೆ. ಹಾಡಿನ ಮಧ್ಯೆ ಅದು ಡ್ರೋನ್ (ಹಿಂದೆ ನಿಲ್ಲೋ ಶ್ರುತಿ) ಅಂತ ನಡೆಯುತ್ತೆ, ಅಮೆರಿಕದ ಬ್ಲೂಗ್ರಾಸ್ ಸಂಗೀತದ ಸೊಗಸೇ ಅದು, ನಂದೇನೂ ತಕರಾರಿಲ್ಲ. ಪ್ರಾಕ್ಟೀಸಲ್ಲಿ ಮಾತ್ರ ನಡೆಯಲ್ಲ. ಡಿ ಆರ್ಪೆಜಿಯೊ ಮಾಡುವಾಗ ಹೆಬ್ಬೆರಳು ನಾಲ್ಕು, ಮೂರನೇ ತಂತಿ ಬಿಟ್ಟು ಮೇಲೆ ಹೋಗಬಾರದು. ಇದನ್ನ ಹೇಳ್ಕೊಡದೆ ಎಂಟು ಥರ ರೋಲ್ ಕಲಿಸಿ ಸರ್ಟಿಫಿಕೇಟ್ ಕೊಡೋರು ಬೇಕಾದಷ್ಟು ಜನ ಇದ್ದಾರೆ.

ಪ್ರಶ್ನೆ: ಕರ್ನಾಟಕ ಸಂಗೀತ ಗೊತ್ತು, ಸ-ಗ-ಪ ಹಾಡಿದ್ರೆ ಸಾಕಲ್ವಾ?
ಅರ್ಧ ಸರಿ. ಸ, ಅಂತರ ಗಾಂಧಾರ, ಪ ಸೇರಿದ್ರೆ ಮೇಜರ್. ಆದ್ರೆ ಕಾರ್ಡ್ ಬದಲಾದ ಹಾಗೆ ಷಡ್ಜಾನೂ ಜಾಗ ಬಿಡುತ್ತೆ. ಶ್ರುತಿ ಪೆಟ್ಟಿಗೆ ಆಫ್ ಮಾಡಿ.

ಪ್ರಶ್ನೆ: ಏಳು ದಿನದ ಕೋರ್ಸ್ ಸೇರ್ಲಾ?
ಬೇಡ.

ಪ್ರಶ್ನೆ: ಮಣಿಕಟ್ಟು ನೋವು. ಎಣ್ಣೆ ತಿಕ್ಕಿಸಿ ನರ ಎಳೆಸ್ಕೋ ಅಂತಾರೆ.
ಯಾರ ಕೈಲೂ ಏನೂ ಎಳೆಸ್ಕೋಬೇಡಿ! ನುಡಿಸೋದು ನಿಲ್ಸಿ, ಜೋಮು ಹಿಡೀತಿದ್ರೆ ಡಾಕ್ಟರ್‌ಗೆ ತೋರ್ಸಿ. ನೋವು ತಡ್ಕೊಂಡ್ರೇನೇ ವಿದ್ಯೆ ಬರೋದು ಅನ್ನೋ ಮೇಷ್ಟ್ರ ಹತ್ರ ಮತ್ತೆ ಹೋಗ್ಲೇಬೇಡಿ.

ಪ್ರಶ್ನೆ: ನನ್ನ ಬ್ಯಾಂಜೋದಲ್ಲಿ ಟೈಪ್‌ರೈಟರ್ ಥರ ಕೀ ಇವೆ, ರೋಲ್ ಹೇಗೆ?
ಅದು ಬುಲ್‌ಬುಲ್ ತರಂಗ್, 1912ರಲ್ಲಿ ಜಪಾನಲ್ಲಿ ಹುಟ್ಟಿದ ತೈಶೋಗೊತೊ ಅನ್ನೋ ವಾದ್ಯದ ಕಡೆಯದು, ನಮ್ಮಲ್ಲಿ ಬ್ಯಾಂಜೋ ಅಂತ ಕರೀತಾರೆ ಅಷ್ಟೇ. ಒಳ್ಳೇ ವಾದ್ಯ, ಹಾಡು ನುಡಿಸಿ, ರೋಲ್ ಹುಡುಕ್ಬೇಡಿ.